ಪದಚರ್ಚೆ: ಪೊಲೀಸರ ‘ಹಾಟ್‌ಸ್ಪಾಟ್’ಗೆ ಕನ್ನಡದಲ್ಲಿ ಏನು?

> ಬೀಟ್ ಪೊಲೀಸರ ತರಬೇತಿ ಕೈಪಿಡಿಯನ್ನು ಅನುವಾದಿಸುತ್ತಿದ್ದೇನೆ. ‘ಹಾಟ್‌ಸ್ಪಾಟ್’ (ಪದೇ ಪದೇ ಅಪರಾಧ ನಡೆಯುವ ಜಾಗ) ಅನ್ನೋದಕ್ಕೆ ‘ಅಪರಾಧಪೀಡಿತ ಪ್ರದೇಶ’ ಆಗಬಹುದೇ? ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು.

ಆಗುವುದಿಲ್ಲ. ದಯವಿಟ್ಟು ಹಾಗೆ ಕಳಿಸಬೇಡಿ.

‘ಪೀಡಿತ’ ನಮ್ಮಲ್ಲಿ ದೊಡ್ಡ ಜಾಗಕ್ಕೆ ಅಂಟುವ ಪದ. ಬರಪೀಡಿತ ಅಂದ ಕೂಡಲೇ ಮುಂದೆ ತಾಲ್ಲೂಕು ಬರುತ್ತದೆ, ಅಲ್ವಾ? ಆದರೆ ಹಾಟ್‌ಸ್ಪಾಟ್ ಅನ್ನುವ ಲೆಕ್ಕ ಹುಟ್ಟಿದ್ದೇ ಚಿಕ್ಕ ಜಾಗದಿಂದ. ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಅಪರಾಧಶಾಸ್ತ್ರಜ್ಞ ಲಾರೆನ್ಸ್ ಶರ್ಮನ್ ಮತ್ತು ಜೊತೆಗಾರರು ಪೊಲೀಸರಿಗೆ ಒಂದು ವರ್ಷ ಬಂದ ಕರೆಗಳನ್ನೆಲ್ಲ ವಿಳಾಸದ ಪ್ರಕಾರ ಎಣಿಸಿ 1989ರಲ್ಲಿ ಪ್ರಕಟಿಸಿದರು. ಅರ್ಧದಷ್ಟು ಕರೆ ಬಂದದ್ದು ಬರೀ ಶೇ. 3ರಷ್ಟು ವಿಳಾಸಗಳಿಂದ. ಒಂದು ಬಾರು, ಒಂದು ಬಸ್ ನಿಲ್ದಾಣ, ಒಂದು ತಿರುವು. ಅದೇ ಬೀದಿಯ ಉಳಿದ ಮನೆಗಳು ತಣ್ಣಗಿದ್ದವು. ಮುಂದೆ ಅಲ್ಲಿ 110 ಜಾಗ ಆರಿಸಿ, ಅರ್ಧದಷ್ಟಕ್ಕೆ ಮಾತ್ರ ಗಸ್ತು ಜಾಸ್ತಿ ಮಾಡಿ ನೋಡಿದರು. ಒಂದು ಕಡೆ ನಿಂತರೆ ಇಡೀ ಜಾಗ ಕಣ್ಣಿಗೆ ಬೀಳಬೇಕು, ಅಷ್ಟೇ ಅದರ ಅಳತೆ. ಗಸ್ತಿನವರು ಒಮ್ಮೆಗೆ ಹದಿನೈದು ನಿಮಿಷ ನಿಂತು ಹೋದರೆ ಫಲ ಹೆಚ್ಚು ಅನ್ನುವುದೂ ಅಲ್ಲಿನ ದಾಖಲೆಗಳಿಂದಲೇ ತಿಳಿದದ್ದು. ‘ಪ್ರದೇಶ’ ಅಂತ ಓದಿದ ಕಾನ್‌ಸ್ಟೇಬಲ್ ಇಡೀ ಕೇರಿ ಸುತ್ತುತ್ತಾನೆ. ಆ ಕೇರಿಯವರನ್ನೆಲ್ಲ ಅನುಮಾನದಿಂದ ನೋಡುತ್ತಾನೆ. ಬ್ರಿಟಿಷರ 1871ರ ‘ಕ್ರಿಮಿನಲ್ ಟ್ರೈಬ್ಸ್’ ಕಾಯ್ದೆ ಇಡೀ ಸಮುದಾಯಗಳಿಗೆ ಅಪರಾಧಿ ಅನ್ನುವ ಹಣೆಪಟ್ಟಿ ಹಚ್ಚಿತು. 1952ರಲ್ಲಿ ಕಾಯ್ದೆ ಹೋಯಿತು, ಹಣೆಪಟ್ಟಿ ಇನ್ನೂ ಪೂರ್ತಿ ಹೋಗಿಲ್ಲ. ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

‘ಹಾಟ್‌ಸ್ಪಾಟ್’ ಅಂತಲೇ ಇರಲಿ ಅನ್ನುವವರಿಗೆ: 2020ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ 170 ಜಿಲ್ಲೆಗಳನ್ನು ಕೊರೊನಾ ಹಾಟ್‌ಸ್ಪಾಟ್ ಎಂದಿತು. ನಮ್ಮ ಜನರ ಕಿವಿಯಲ್ಲಿ ಈಗ ಆ ಪದ ಜಿಲ್ಲೆಯಷ್ಟು ದೊಡ್ಡದು. ಬೇಡ.

‘ಬಿಸಿಯೆಡೆ’ ಅಚ್ಚಗನ್ನಡ ನಿಜ. ಆದರೆ ಎಡೆ ಅಂದರೆ ಇವತ್ತು ಮೊದಲು ನೆನಪಾಗುವುದು ದೇವರಿಗೆ, ಹಿರಿಯರಿಗೆ ಇಡುವ ಊಟ. ಠಾಣೆಯಲ್ಲಿ ಯಾರಿಗೂ ಅರ್ಥವಾಗುವುದಿಲ್ಲ.

ನನ್ನ ಸಲಹೆ ‘ನಿಗಾ ತಾಣ’. ಇದು ಅಲ್ಲಿರುವ ಜನರಿಗೆ ಮಸಿ ಬಳಿಯುವುದಿಲ್ಲ, ಪೊಲೀಸರು ಏನು ಮಾಡಬೇಕು ಅಂತ ಹೇಳುತ್ತದೆ. ‘ತಾಣ’ ಸಂಸ್ಕೃತದ ಸ್ಥಾನದ ತದ್ಭವ. ‘ಠಾಣೆ’ಯೂ ಅದೇ ಬೇರಿನದು, ಉತ್ತರದ ಭಾಷೆಗಳನ್ನು ಸುತ್ತಿ ಬಂದಿದೆ. ಅಕ್ಕತಂಗಿಯರು ಒಂದೇ ಕೈಪಿಡಿಯಲ್ಲಿ ಇರಲಿ ಬಿಡಿ.

‘ನಿಗಾ’ ಪಾರ್ಸಿ ಪದ, ಆದ್ದರಿಂದ ಬೇಡ ಅನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಗಸ್ತು, ಜಾಮೀನು, ಕೈದಿ, ವಕೀಲ ಎಲ್ಲವೂ ಅರಬ್ಬಿ-ಪಾರ್ಸಿಯಿಂದ ಬಂದವೇ. ಅವನ್ನು ತೆಗೆದರೆ ನ್ಯಾಯಾಲಯದಲ್ಲಿ ಕನ್ನಡ ಮಾತಾಡುವುದೇ ಕಷ್ಟ. ಆಸ್ಪತ್ರೆಯ ‘ತೀವ್ರ ನಿಗಾ ಘಟಕ’ ಬೋರ್ಡ್ ನೋಡಿ. ಸಂಸ್ಕೃತದ ಎರಡು ಪದಗಳ ನಡುವೆ ‘ನಿಗಾ’ ಕೂತಿದೆ, ಯಾರಿಗೂ ತೊಡಕಾಗಿಲ್ಲ. ಸಾಲ ಪಡೆದ ಪದ ಬಳಕೆಯಲ್ಲಿ ಬೆಳೆದರೆ ಅದು ನಮ್ಮದು. ಮೂಲ ಹುಡುಕಿ ಸುಮ್ನೆ ಹೊರಗೆ ಹಾಕುವುದು ಭಾಷೆಗೆ ಮಾಡುವ ಉಪಕಾರವಲ್ಲ.

ಕೈಪಿಡಿಗೆ ಹೀಗೆ ಬರೆಯಿರಿ: ‘ಪದೇ ಪದೇ ದೂರು ಬರುವ ತಿರುವು, ಅಂಗಡಿ ಅಥವಾ ನಿಲ್ದಾಣವೇ ನಿಗಾ ತಾಣ. ಅಲ್ಲಿ ಹದಿನೈದು ನಿಮಿಷ ನಿಲ್ಲಿ, ಜನರನ್ನು ಮಾತಾಡಿಸಿ, ಮುಂದಿನ ತಾಣಕ್ಕೆ ಹೋಗಿ.’ ಮೊದಲ ಸಲ ಬಂದಾಗ ಮಾತ್ರ ಪಕ್ಕದಲ್ಲಿ ಹಾಟ್‌ಸ್ಪಾಟ್ ಅಂತ ಕನ್ನಡ ಲಿಪಿಯಲ್ಲೇ ಹಾಕಿ.