ಸಹಾಯ ಬೇಕು: ಜಿಬಿಎಸ್ (ನರದ ಕಾಯಿಲೆ) ಆದ ಮಗುವಿಗೆ ದಾವಣಗೆರೆ ಹತ್ತಿರ ಫಿಸಿಯೋಥೆರಪಿ

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ಮಗಳಿಗೆ ಏಳು ವರ್ಷ. ವೈರಲ್ ಜ್ವರ, ನೆಗಡಿ ಬಂದು ಪೂರ್ತಿ ವಾಸಿಯಾಗಿತ್ತು. ಆಮೇಲೆ ಕಾಲಲ್ಲಿ ಶಕ್ತಿ ಕಡಿಮೆ ಆಗುತ್ತಾ ಬಂತು. ನಡೆಯುವಾಗ ಚಪ್ಪಲಿ ಜಾರಿ ಹಿಂದೆ ಉಳಿಯುತ್ತಿತ್ತು. ನೆಲದಿಂದ ಏಳೋಕೆ ಮಂಚ ಹಿಡಿಯಬೇಕಿತ್ತು. ನರದ ಪರೀಕ್ಷೆ ಮಾಡಿ ಗಿಯಾನ್ ಬಾರೆ ಸಿಂಡ್ರೋಮ್ (ಜಿಬಿಎಸ್) ಅಂದರು. ವೈರಸ್ ವಿರುದ್ಧ ಹೋರಾಡಬೇಕಾದ ರೋಗನಿರೋಧಕ ಶಕ್ತಿ ನಮ್ಮದೇ ನರಗಳ ಮೇಲೆ ತಿರುಗಿಬೀಳುತ್ತದಂತೆ.

ಐವಿಐಜಿ, ಅಂದರೆ ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ಔಷಧಿ, ಡ್ರಿಪ್‌ನಲ್ಲಿ ಕೊಟ್ಟರು. ಕೆಜಿಗೆ ಒಟ್ಟು 2 ಗ್ರಾಂ ಲೆಕ್ಕ, ಇವಳು 20 ಕೆಜಿ, ಅಂದರೆ 40 ಗ್ರಾಂ. ಬೆಲೆ ಕೇಳಿದರೆ ತಲೆ ತಿರುಗುತ್ತೆ, ಬಿಡಿ. ಪುಣ್ಯಕ್ಕೆ ಉಸಿರಾಟಕ್ಕೆ ತೊಂದರೆ ಆಗಲಿಲ್ಲ. ನಡುವೆ ಆರೋಗ್ಯ ಇಲಾಖೆಯವರು ಎರಡು ಸಲ ಮಲದ ಸ್ಯಾಂಪಲ್ ತೆಗೆದುಕೊಂಡಾಗ ಅಕ್ಕ ಗಾಬರಿಯಾದಳು. 15 ವರ್ಷದೊಳಗಿನ ಮಕ್ಕಳಿಗೆ ದಿಢೀರ್ ಕೈಕಾಲು ಬಲ ಹೋದರೆ ಪೋಲಿಯೋ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳೋಕೆ ಹೀಗೆ ಮಾಡ್ತಾರೆ, ಭಯ ಬೇಡ.

ಈಗ ಮನೆಯಲ್ಲಿದ್ದಾಳೆ. ಗೋಡೆ ಹಿಡಿದು ನಡೆಯುತ್ತಾಳೆ, ಆದರೆ ಪಾದ ಇನ್ನೂ ಎಳೆಯುತ್ತದೆ. ದಾವಣಗೆರೆ, ಹರಿಹರ ಕಡೆ ಮಕ್ಕಳ ಫಿಸಿಯೋಥೆರಪಿ ಚೆನ್ನಾಗಿ ಮಾಡುವವರು ಯಾರಾದರೂ ಗೊತ್ತಾ? ಮನೆಗೇ ಬಂದರೆ ಇನ್ನೂ ಒಳ್ಳೇದು. ಪಾದಕ್ಕೆ ಹಾಕುವ ಸ್ಪ್ಲಿಂಟ್ ಅಳತೆ ಕೊಟ್ಟು ಎಲ್ಲಿ ಮಾಡಿಸಬಹುದು? ಜಿಲ್ಲಾಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತಾ?

ನಿಮ್ಮ ಮಕ್ಕಳಿಗೆ ಇದೇ ಆಗಿದ್ದರೆ, ಮತ್ತೆ ಶಾಲೆಗೆ ಹೋಗೋಕೆ ಎಷ್ಟು ಸಮಯ ಹಿಡೀತು ಅಂತಲೂ ಹೇಳಿ, ಅಕ್ಕನಿಗೆ ಓದಿ ಹೇಳುತ್ತೇನೆ. ನಾಟಿ ಔಷಧಿ, ಎಣ್ಣೆ ಮಾಲೀಶು ಸಲಹೆ ದಯವಿಟ್ಟು ಬೇಡ. ಅದು ಈಗಾಗಲೇ ನೆಂಟರಿಂದ ಜಾಸ್ತಿನೇ ಬಂದಿದೆ.