ಪಂಚಮಿ ಮೆಹಂದಿ: ಚರ್ಮದ ಡಾಕ್ಟರಿಗೆ ಕೇಳಿ

ಅಡ್ಮಿನ್: ಅಕ್ಕಂದಿರೇ, ನಾಗರ ಪಂಚಮಿ ಹತ್ತಿರ ಬಂತು. ಮನೆಯಲ್ಲೇ ಕೋನ್ ಮಾಡೋರು, ಟ್ಯಾಟೂ ಸ್ಟಿಕರ್ ಹಚ್ಚಿ ನೋಡೋರು ಜಾಸ್ತಿ ಆಗಿದ್ದಾರೆ. ನಮ್ಮ ಕಲಬುರಗಿಯ ಚರ್ಮದ ಡಾಕ್ಟರ್ ಮೇಡಂ ಇವತ್ತು ಸಂಜೆ 7ರಿಂದ 9ರವರೆಗೆ ಉತ್ತರ ಕೊಡುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ದಯವಿಟ್ಟು ಶುಭ ಸಂಜೆ ಫೋಟೋ ಹಾಕಬೇಡಿ.

ಡಾಕ್ಟರ್: ನಮಸ್ಕಾರ. ಕ್ಲಿನಿಕ್ ಮುಗಿಸಿ ಚಹಾ ಹಿಡಿದು ಕೂತಿದ್ದೇನೆ, ಕೇಳಿ. ಫೋಟೋ ಹಾಕೋದಾದರೆ ಹಗಲು ಬೆಳಕಿನಲ್ಲಿ ತೆಗೆದದ್ದು ಹಾಕಿ, ಫಿಲ್ಟರ್ ಬೇಡ.

ಸೇಡಂ ಟೀಚರ್: ಮೇಡಂ, ಹೋದ ವರ್ಷ ಮನೆಯಲ್ಲೇ ಕಲಸಿ ಹಚ್ಚಿಕೊಂಡೆ. ಬರೀ ಕಿತ್ತಳೆ ಬಣ್ಣ ಬಂತು. ಏನು ತಪ್ಪಾಯಿತು?

ಡಾಕ್ಟರ್: ತೆಗೆದ ದಿನ ಕಿತ್ತಳೆಯೇ ಇರುತ್ತೆ. ಎಲೆಯಲ್ಲಿರುವ ಬಣ್ಣಕ್ಕೆ ಲಾಸೋನ್ ಅಂತಾರೆ. ಅದು ಚರ್ಮದ ಮೇಲ್ಪದರಕ್ಕೆ ಅಂಟಿಕೊಂಡು, ಗಾಳಿ ತಾಗುತ್ತಾ ಒಂದೆರಡು ದಿನಕ್ಕೆ ಕಂದು ಬಣ್ಣಕ್ಕೆ ತಿರುಗುತ್ತೆ. ಅವತ್ತೇ ನೀರಲ್ಲಿ ಕೈ ಹಾಕಿದ್ರಿ ಅಲ್ವಾ?

ಸೇಡಂ ಟೀಚರ್: ಭಾಂಡೆ ತಿಕ್ಕಿದೆ ಮೇಡಂ. ರೊಟ್ಟಿನೂ ಬಡಿದೆ.

ಡಾಕ್ಟರ್: ಮತ್ತೆ! ಅಂಗೈ, ಅಂಗಾಲಿನ ಚರ್ಮ ದಪ್ಪ, ಅಲ್ಲಿ ಗಾಢವಾಗಿ ಬರುತ್ತೆ. ತೋಳಿನ ಮೇಲೆ ಎಷ್ಟು ಹಚ್ಚಿದರೂ ತಿಳಿಯೇ. ಕಲಸೋ ವಿಷಯ ಕೋನ್ ಅಕ್ಕನ್ನ ಕೇಳಿ, ಅದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಕೋನ್ ಅಕ್ಕ, ಆಳಂದ ರಸ್ತೆ: ಟೀಚರ್, ಪುಡಿಯನ್ನ ತೆಳು ಮಲ್ಲಿನ ಬಟ್ಟೆಯಲ್ಲಿ ಎರಡು ಸಲ ಸೋಸಿ. ಇಲ್ಲದಿದ್ದರೆ ಕೋನ್ ತುದಿ ಕಟ್ಟಿಕೊಳ್ಳುತ್ತೆ. 100 ಗ್ರಾಂ ಪುಡಿಗೆ ಎರಡು ಚಮಚ ಸಕ್ಕರೆ, ನಿಂಬೆ ರಸ ಹಿಡಿಸುವಷ್ಟು, ಸ್ವಲ್ಪ ನೀಲಗಿರಿ ಎಣ್ಣೆ. ಮುಚ್ಚಿಡಿ. ನಮ್ಮ ಬೇಸಿಗೆಯಲ್ಲಿ ಮೂರು ನಾಲ್ಕು ತಾಸಿಗೇ ಬಣ್ಣ ಬಿಡುತ್ತೆ, ಈಗ ಮಳೆಗಾಲ, ರಾತ್ರಿ ಪೂರ್ತಿ ಬೇಕು. ಮೇಲೆ ಕಂದಾಗಿ ಒಳಗೆ ಹಸಿರಿದ್ದರೆ ಬಣ್ಣ ಬಿಟ್ಟಿದೆ ಅಂತ. ಅಂಗೈಗೆ ಒಂದು ಚುಕ್ಕೆ ಇಟ್ಟು ಐದು ನಿಮಿಷಕ್ಕೆ ಒರೆಸಿ, ಕಿತ್ತಳೆ ಕಲೆ ಉಳಿದರೆ ಕೋನ್‌ಗೆ ತುಂಬಿ. ಉಳಿದದ್ದು ಫ್ರೀಜರ್‌ಗೆ. ಹೊರಗಿಟ್ಟರೆ ಸತ್ತುಹೋಗುತ್ತೆ.

ಡಾಕ್ಟರ್: ಚೆನ್ನಾಗಿ ಹೇಳಿದ್ರಿ. ಚಿಕ್ಕ ಮಕ್ಕಳಿಗೆ ಹಚ್ಚೋದಕ್ಕೆ ನೀಲಗಿರಿ ಎಣ್ಣೆ ಬೇಡ. ಆಮೇಲೆ, ನಿಜವಾದ ಮೆಹಂದಿ ಹೀಗೆ ಕೆಡುತ್ತೆ ಅನ್ನೋದನ್ನ ಎಲ್ಲರೂ ಗಮನಿಸಿ. ತಿಂಗಳುಗಟ್ಟಲೆ ಅಂಗಡಿಯ ಬಿಸಿಲಲ್ಲಿ ಕೂತು, ಆಮೇಲೂ ಹತ್ತು ನಿಮಿಷಕ್ಕೆ ಬಣ್ಣ ಕೊಡೋ ಕೋನ್‌ನಲ್ಲಿ ಎಲೆಯ ಹೊರತಾಗಿ ಬೇರೆ ಏನೋ ಇದೆ.

ಪಿಯು ಹುಡುಗಿ: ಕಪ್ಪು ಕೋನ್ ಹಚ್ಚಬಹುದಾ ಮೇಡಂ? ಟ್ಯಾಟೂ ತರ ಕಾಣುತ್ತೆ.

ಡಾಕ್ಟರ್: ಬೇಡ.

ಶಹಾಪುರ ಅಮ್ಮ: ಮೇಡಂ, ಮಗಳಿಗೆ 9 ವರ್ಷ. ಭಾನುವಾರ ಮುಂಗೈಗೆ ಕಪ್ಪು ಕೋನ್‌ನಲ್ಲಿ ಬಳ್ಳಿ ಬಿಡಿಸಿದೆವು. ಮರುದಿನವೇ ತುರಿಕೆ. ಈಗ ನೀರು ತುಂಬಿದ ಗುಳ್ಳೆ. ಫೋಟೋ ಹಾಕಿದ್ದೇನೆ. ಮೆಡಿಕಲ್‌ನಲ್ಲಿ ಒಂದು ಟ್ಯೂಬ್ ಕೊಟ್ಟಿದ್ದಾರೆ.

ಡಾಕ್ಟರ್: ನೋಡಿದೆ. ಬಳ್ಳಿಯ ಗೆರೆಯ ಮೇಲೇ ಗುಳ್ಳೆಗಳು, ಎಲೆ ಬಿಡಿಸಿದಲ್ಲಿ ಎಲೆಯದೇ ಆಕಾರ. ಪಕ್ಕದ ಚರ್ಮ ಚೆನ್ನಾಗಿದೆ. ಒಂದು ಹೇಳಿ, ಇದಕ್ಕೂ ಮೊದಲು ಕಪ್ಪು ಕೋನ್ ಹಚ್ಚಿದ್ರಾ?

ಶಹಾಪುರ ಅಮ್ಮ: ಶರಣಬಸವೇಶ್ವರ ಜಾತ್ರೆಗೆ ಕಲಬುರಗಿಗೆ ಬಂದಾಗ ಹಚ್ಚಿಸಿದ್ದೆವು. ಆಗ ಏನೂ ಆಗಿರಲಿಲ್ಲ ಮೇಡಂ.

ಡಾಕ್ಟರ್: ಆಗಲೇ ಆಗಿದೆ, ನಿಮಗೆ ಕಾಣಲಿಲ್ಲ ಅಷ್ಟೆ. ಕಪ್ಪು ಬಣ್ಣಕ್ಕೆ ಸಾಮಾನ್ಯವಾಗಿ ಸೇರಿಸೋದು ಪಿಪಿಡಿ, ಅಂದರೆ ಹೇರ್ ಡೈಯಲ್ಲಿರುವ ರಾಸಾಯನಿಕ. ಡೈಯಲ್ಲಿ ಅದು ಎಷ್ಟಿರಬೇಕು ಅಂತ ಲೆಕ್ಕ ಇದೆ, ಯುರೋಪಿನಲ್ಲಿ ಕಲಸಿದ ಮೇಲೆ ಶೇ. 2 ದಾಟುವಂತಿಲ್ಲ. ಕೋನ್‌ಗೆ ಯಾರು ಲೆಕ್ಕ ಇಡುತ್ತಾರೆ? ಮೊದಲ ಸಲ ಹಚ್ಚಿದಾಗ ದೇಹ ಅದನ್ನ ಗುರುತು ಹಿಡಿದು ಇಟ್ಟುಕೊಳ್ಳುತ್ತೆ. ಎರಡನೇ ಸಲ ಬಂದಾಗ ಒಂದೆರಡು ದಿನದಲ್ಲೇ ಮೈಮೇಲೆ ಬೀಳುತ್ತೆ. ನಿಮ್ಮ ಮಗಳಿಗೆ ಆಗಿದ್ದು ಅದೇ ಅನಿಸುತ್ತೆ.

ಗುಳ್ಳೆ ಒಡೆಯಬೇಡಿ. ತಣ್ಣೀರಲ್ಲಿ ಮೆತ್ತಗೆ ತೊಳೆದು ಸಡಿಲವಾಗಿ ಬಟ್ಟೆ ಸುತ್ತಿ, ನಾಳೆ ಬೆಳಿಗ್ಗೆ ಯಾದಗಿರಿಯಲ್ಲೋ ಇಲ್ಲೋ ಚರ್ಮದ ಡಾಕ್ಟರಿಗೆ ತೋರಿಸಿ. ಕೀವು ಅಥವಾ ಜ್ವರ ಬಂದರೆ, ಮುಖ ಊದಿಕೊಂಡರೆ ನಾಳೆವರೆಗೂ ಕಾಯಬೇಡಿ. ಆ ಟ್ಯೂಬಿನ ಹೆಸರು ಓದಿ ಹೇಳಿ. ಮೆಡಿಕಲ್‌ನವರು ಕೊಡೋದು ಬಹಳ ಸಲ ಮೂರು ಔಷಧಿ ಕಲಸಿದ ಟ್ಯೂಬ್, ಅದರಲ್ಲಿ ಒಂದು ಬಲವಾದ ಸ್ಟಿರಾಯ್ಡ್. ನೋಡದೆ ಹಚ್ಚಬೇಡಿ. ಗುಳ್ಳೆ ವಾಸಿಯಾದ ಮೇಲೆ ಬಳ್ಳಿಯ ಆಕಾರದಲ್ಲೇ ಬಿಳಿಚಿದ ಕಲೆ ಕೆಲವು ತಿಂಗಳು ಉಳಿಯಬಹುದು. ಹೆದರಿ ಮುಲಾಮು ಬದಲಾಯಿಸುತ್ತಾ ಹೋಗಬೇಡಿ.

ಇದೊಂದನ್ನ ಮನೆಯಲ್ಲಿ ಬರೆದಿಡಿ: ಮಗಳು ದೊಡ್ಡವಳಾದ ಮೇಲೂ ಕಪ್ಪು ಹೇರ್ ಡೈ ಹಚ್ಚುವಂತಿಲ್ಲ. ಈ ಅಲರ್ಜಿ ಜೀವನಪೂರ್ತಿ ಇರುತ್ತೆ. ಹಲ್ಲಿನ ಡಾಕ್ಟರ್ ಹತ್ತಿರ ಹೋದಾಗಲೂ ಹೇಳಿ, ಮರಗಟ್ಟಿಸೋ ಕೆಲವು ಔಷಧಿ ಇದರ ನೆಂಟರೇ.

ಹುಮನಾಬಾದ್ ಅಣ್ಣ: ಗುಳ್ಳೆಗೆ ಬೆಳ್ಳುಳ್ಳಿ ಜಜ್ಜಿ ಕಟ್ಟಿರಿ ಅಕ್ಕಾ, ಒಂದೇ ರಾತ್ರಿಯಲ್ಲಿ ಒಣಗುತ್ತೆ. ನನಗೆ ಫಾರ್ವರ್ಡ್ ಬಂದಿದೆ, ಇಲ್ಲಿ ಹಾಕುತ್ತೇನೆ.

ಡಾಕ್ಟರ್: ಹಾಕಬೇಡಿ. ಬೆಳ್ಳುಳ್ಳಿ ಕಟ್ಟಿದರೆ ಚರ್ಮ ಸುಡುತ್ತೆ. ಗುಳ್ಳೆ ಎದ್ದ ಮಗುವಿನ ಕೈಗೆ ಖಾರ ಕಟ್ಟಿ ಅಂತೀರಲ್ಲ, ಮೊದಲು ನಿಮ್ಮ ಕೈಗೆ ಕಟ್ಟಿಕೊಂಡು ಒಂದು ರಾತ್ರಿ ಮಲಗಿ.

ಹುಮನಾಬಾದ್ ಅಣ್ಣ: ಹಿರಿಯರು ಹೇಳಿದ್ದು ಮೇಡಂ. ಇಷ್ಟು ಸಿಟ್ಟು ಯಾಕೆ?

ಬಸವಕಲ್ಯಾಣ ಸೊಸೆ: ಮೆಹಂದಿಗೆ ಸುಣ್ಣ ಹಾಕಿದರೆ ಕೆಂಪು ಜಾಸ್ತಿ ಅಂತ ನಮ್ಮ ಅತ್ತೆ ಹೇಳುತ್ತಾರೆ.

ಡಾಕ್ಟರ್: ಎಲೆ ಅಡಿಕೆಗೆ ಹಚ್ಚೋ ಸುಣ್ಣ ಚರ್ಮಕ್ಕೆ ಬೇಡ, ಸುಡುತ್ತೆ. ಲವಂಗದ ಹೊಗೆ ಪರವಾಗಿಲ್ಲ, ಬಿಸಿಗೆ ಬಣ್ಣ ಸ್ವಲ್ಪ ಕೂರುತ್ತೆ. ಉಬ್ಬಸ ಇರೋರು ದೂರ ಇರಿ.

ಬೀದರ್ ಕ್ರಾಫ್ಟ್ ಹುಡುಗಿ: ಬೆಲ್ಲ, ಲವಂಗ, ಕುಂಕುಮ ಡಬ್ಬಿಯಲ್ಲಿ ಹಾಕಿ ಒಲೆ ಮೇಲೆ ಇಟ್ಟು, ಬಟ್ಟಲಿಗೆ ಇಳಿದ ನೀರಲ್ಲಿ ತಟ್ಟನೆ ಮೆಹಂದಿ ಮಾಡೋ ವಿಡಿಯೋ ನೋಡಿದೆ. ಇವತ್ತು ಮಾಡಲಾ?

ಡಾಕ್ಟರ್: ಅದರಲ್ಲಿ ಮೆಹಂದಿ ಎಲ್ಲಿದೆ ನೀನೇ ಹೇಳಮ್ಮ. ಬೆಲ್ಲ ಸೀದ ಹೊಗೆಯ ನೀರು, ಮೇಲೆ ಕುಂಕುಮದ ಡೈ. ಬಿಸಿ ಡಬ್ಬಿ ತೆಗೆಯೋಕೆ ಹೋಗಿ ಮುಖ ಸುಟ್ಟುಕೊಂಡವರು ನನ್ನ ಕ್ಲಿನಿಕ್‌ಗೆ ಬಂದಿದ್ದಾರೆ. ಮಾಡಬೇಡ.

ಬೀದರ್ ಕ್ರಾಫ್ಟ್ ಹುಡುಗಿ: ಹಾಗಾದರೆ ಸ್ಕೆಚ್ ಪೆನ್? ಟ್ಯಾಟೂ ಸ್ಟಿಕರ್? ಜಗುವಾ ಜೆಲ್?

ಡಾಕ್ಟರ್: ಸ್ಕೆಚ್ ಪೆನ್ ಕಾಗದಕ್ಕೆ. ಸ್ಟಿಕರ್ ಪರವಾಗಿಲ್ಲ, ಮುಖಕ್ಕೆ ಬೇಡ, ತೆಗೆಯುವಾಗ ಕೊಬ್ಬರಿ ಎಣ್ಣೆ ಹಚ್ಚಿ ಐದು ನಿಮಿಷ ಬಿಡು. ಜಗುವಾ ಒಂದು ಕಾಡುಕಾಯಿಯ ರಸ, ಕರಿನೀಲಿ ಬಣ್ಣ. ಅದಕ್ಕೂ ಅಲರ್ಜಿ ಆಗಿದ್ದು ಇದೆ. ಆ ಹೆಸರಲ್ಲಿ ಏನು ಮಾರುತ್ತಾರೋ ಯಾರಿಗೆ ಗೊತ್ತು. ಹೊಸದು ಯಾವುದೇ ಆಗಲಿ, ಮೊದಲು ಮೊಣಕೈ ಒಳಗೆ ಒಂದು ಚುಕ್ಕೆ ಇಟ್ಟು ಎರಡು ದಿನ ಕಾಯಬೇಕು.

ರೇಷನ್ ಕಾರ್ಡ್ ಅಕ್ಕ: ಮೆಹಂದಿ ಹಚ್ಚಿದರೆ ರೇಷನ್ ಅಂಗಡಿಯಲ್ಲಿ ಥಂಬ್ ತಗೊಳ್ಳಲ್ಲ ಅಂತಾರೆ, ನಿಜವಾ?

ಕನ್ನಡ ಪ್ರೇಮಿ: ಎಲ್ಲರೂ ಮೆಹಂದಿ ಮೆಹಂದಿ ಅಂತಿದ್ದೀರಿ. ಕನ್ನಡದಲ್ಲಿ ಮದರಂಗಿ ಅನ್ನೋ ಚೆಂದದ ಪದ ಇದೆ. ಡಾಕ್ಟರ್ ಮೇಡಂ ಅವರಾದರೂ ಬಳಸಬೇಕಿತ್ತು.

ಸೇಡಂ ಟೀಚರ್: ನಮ್ಮ ಕಡೆ ಗೋರಂಟಿ.

ಕನ್ನಡ ಪ್ರೇಮಿ: ಅದು ತೆಲುಗು.

ಸೇಡಂ ಟೀಚರ್: ನಮ್ಮವ್ವ ತೆಲುಗು ಕಲಿತವಳಲ್ಲ. ಹಿತ್ತಲಲ್ಲಿ ಗಿಡ ಇತ್ತು, ಆಷಾಢದಲ್ಲಿ ಎಲೆ ಕಿತ್ತು ಒಳಕಲ್ಲಲ್ಲಿ ರುಬ್ಬಿ ಗೋರಂಟಿ ಅಂತಲೇ ಹಚ್ಚುತ್ತಿದ್ದಳು. ನೀವು ಬಂದು ಹೆಸರು ಬದಲಾಯಿಸಬೇಡಿ.

ರೋಜಾ ಆಪಾ: ಗಿಡ ಒಂದೇ, ಕೆಂಪೂ ಒಂದೇ. ನಾವು ಚಾಂದ್ ರಾತ್ರಿಗೆ ಹಚ್ಚುತ್ತೇವೆ, ನೀವು ಪಂಚಮಿಗೆ. ಜಗಳ ಯಾಕೆ?

ಚಿಗವ್ವ, ಚಿತ್ತಾಪುರ ಕಡೆ: ಮೇಡಂ, ಮೈಗೆ ಹಚ್ಚಿದ ಮೆಹಂದಿ ಮೂತ್ರದಲ್ಲಿ ಇಳಿಯುತ್ತಾ? ನಮ್ಮ ಅಕ್ಕನ ಮಗನಿಗೆ ಎರಡು ತಿಂಗಳು. ತೊಟ್ಟಿಲಿಗೆ ಹಾಕೋ ದಿನ ಅಂಗೈ ಅಂಗಾಲಿಗೆ ಹಚ್ಚಿ ರಾತ್ರಿಯೆಲ್ಲ ಬಟ್ಟೆ ಕಟ್ಟಿದ್ದೆವು. ಈಗ ಮೂತ್ರ ಕರಿ ಚಹಾ ತರ ಹೋಗುತ್ತಿದೆ. ಬಣ್ಣ ಇಳೀತಿದೆ, ಒಳ್ಳೇದೇ ಅಂತ ಅವ್ವ ಹೇಳುತ್ತಾಳೆ.

ಕನ್ನಡ ಪ್ರೇಮಿ: ಜಗಳ ಅಲ್ಲ ತಾಯಿ, ಭಾಷೆಯ ಅಭಿಮಾನ.

ಕೋನ್ ಅಕ್ಕ, ಆಳಂದ ರಸ್ತೆ: ಅಭಿಮಾನ ಇರೋರು ನನ್ನ ಕೋನ್‌ಗೆ 40 ರೂಪಾಯಿ ಕೊಡೋಕೆ ಚೌಕಾಶಿ ಮಾಡುತ್ತಾರೆ. ಸೂಪರ್ ಮಾರ್ಕೆಟ್ ಕಡೆ ಹತ್ತು ರೂಪಾಯಿಗೆ ಸಿಗುತ್ತೆ ಅಂತಾರೆ. ಆಮೇಲೆ ಗುಳ್ಳೆ ಎದ್ದರೆ ಇಲ್ಲಿ ಬಂದು ಅಳುತ್ತಾರೆ.

ಶಹಾಪುರ ಅಮ್ಮ: ನಾನು ಅಳುತ್ತಿಲ್ಲ, ಕೇಳುತ್ತಿದ್ದೇನೆ. ನಿಮ್ಮ ವ್ಯಾಪಾರ ಬೇರೆ ಕಡೆ ಮಾಡಿ.

ಕೋನ್ ಅಕ್ಕ, ಆಳಂದ ರಸ್ತೆ: ನಿಮಗೆ ಹೇಳಿದ್ದಲ್ಲ ಅಕ್ಕಾ.

ಜೇವರ್ಗಿ ಮದುಮಗಳು: ಕಪ್ಪು ಕೋನ್ ಒಂದೇ ದಿನಕ್ಕೆ ಹಚ್ಚಿ ತೊಳೆದರೆ?

ಡಾಕ್ಟರ್: ಮೇಲೆ ಓದಿ.

ಆಪರೇಷನ್ ಇರೋರು: ಮುಂದಿನ ವಾರ ಆಪರೇಷನ್. ಉಗುರಿಗೆ ಹಚ್ಚಬಹುದಾ?

ಡಾಕ್ಟರ್: ಬೇಡ. ಬೆರಳಿಗೆ ಕ್ಲಿಪ್ ಹಾಕಿ ಆಮ್ಲಜನಕ ನೋಡುತ್ತಾರೆ, ಗಾಢ ಬಣ್ಣ ಅಡ್ಡ ಬರಬಹುದು.

ರೋಜಾ ಆಪಾ: ಡಾಕ್ಟರ್ ಸಾಹೇಬಾ, ಮೇಲೆ ಚಿತ್ತಾಪುರದ ಹುಡುಗಿ ಕೂಸಿನ ವಿಷಯ ಕೇಳಿದ್ದಾಳೆ. ಅದನ್ನ ನೋಡಿ.

ಡಾಕ್ಟರ್: ಈಗ ನೋಡಿದೆ. ಚಿತ್ತಾಪುರದವರೇ, ಇದ್ದೀರಾ? ಗಂಡು ಮಗು ಅಲ್ವಾ? ಹಚ್ಚಿ ಎಷ್ಟು ದಿನ ಆಯಿತು? ಕಣ್ಣಿನ ಬಿಳಿ ಭಾಗ ಹಳದಿ ಇದೆಯಾ? ಹಾಲು ಕುಡಿಯುತ್ತಿದೆಯಾ?

ಚಿಗವ್ವ, ಚಿತ್ತಾಪುರ ಕಡೆ: ಗಂಡು. ಮೊನ್ನೆ ರಾತ್ರಿ ಹಚ್ಚಿದ್ದು. ಕಣ್ಣು ಹಳದಿ ಇದೆ. ಬೆಳಿಗ್ಗೆಯಿಂದ ಹಾಲು ಕಡಿಮೆ, ಬರೀ ನಿದ್ದೆ. ತುಟಿ ಬಿಳಿಚಿದೆ.

ಡಾಕ್ಟರ್: ಈಗಲೇ ಹೊರಡಿ. ನಾಳೆ ಅಲ್ಲ. 108ಕ್ಕೆ ಕರೆ ಮಾಡಿ, ಅದು ತಡ ಆಗುತ್ತೆ ಅನಿಸಿದರೆ ಸಿಕ್ಕ ಗಾಡಿ ಹತ್ತಿ. ಮಕ್ಕಳ ವಾರ್ಡ್, ರಕ್ತನಿಧಿ ಎರಡೂ ಇರೋ ಕಡೆ ಹೋಗಬೇಕು, ಹಾಗಾಗಿ ಕಲಬುರಗಿಗೇ ಬನ್ನಿ, ಜಿಮ್ಸ್ ಸರ್ಕಾರಿ ಆಸ್ಪತ್ರೆ ಆದರೂ ಸರಿ. ದಾರಿಯಲ್ಲಿ ಓದಿಕೊಳ್ಳಿ.

ಅದು ಮೆಹಂದಿಯ ಬಣ್ಣ ಅಲ್ಲ. ರಕ್ತದ್ದು. ಕೆಲವರ ರಕ್ತಕಣಗಳಲ್ಲಿ ಜಿ6ಪಿಡಿ ಅನ್ನೋ ಒಂದು ಕಿಣ್ವ ಹುಟ್ಟಿನಿಂದಲೇ ಕಡಿಮೆ. ಅಂಥವರಿಗೆ ಲಾಸೋನ್ ತಡೆಯೋ ಶಕ್ತಿ ಇರೋದಿಲ್ಲ, ಕಣಗಳು ಒಡೆಯುತ್ತವೆ. ಒಡೆದ ಕಣದ ಬಣ್ಣ ಮೂತ್ರದಲ್ಲಿ ಬರುತ್ತೆ, ಕಣ್ಣು ಹಳದಿ ಆಗುತ್ತೆ, ಮಗು ಬಿಳಿಚಿಕೊಳ್ಳುತ್ತೆ. ಕೂಸಿನ ಚರ್ಮ ತೆಳು, ಅದರ ಮೇಲೆ ರಾತ್ರಿಯೆಲ್ಲ ಬಟ್ಟೆ ಕಟ್ಟಿದ್ದೀರಿ, ಒಳಗೆ ಜಾಸ್ತಿ ಹೋಗಿದೆ. ಕಪ್ಪು ಕೋನ್ ಬೇಕಿಲ್ಲ ಇದಕ್ಕೆ, ಹಿತ್ತಲಿನ ಶುದ್ಧ ಎಲೆಯೇ ಸಾಕು. ನಾನು ಮಕ್ಕಳ ಡಾಕ್ಟರ್ ಅಲ್ಲ, ಬೇರೆ ಕಾರಣವೂ ಇರಬಹುದು, ಅದನ್ನ ಅಲ್ಲಿ ನೋಡುತ್ತಾರೆ. ಆದರೆ ನೀವು ಬಾಗಿಲಲ್ಲೇ ಹೇಳಬೇಕಾದ ಮಾತು: "ಮೊನ್ನೆ ಮೆಹಂದಿ ಹಚ್ಚಿದ್ದೆವು, ಮೂತ್ರ ಕರಿ ಚಹಾ ತರ ಬರುತ್ತಿದೆ." ಅವರು ಕೇಳದಿದ್ದರೂ ಹೇಳಿ. ಪುಡಿಯ ಪ್ಯಾಕೆಟ್, ಮೂತ್ರದ ಕಲೆ ಇರೋ ಬಟ್ಟೆ ಜೊತೆಗಿರಲಿ. ಅಕ್ಕ ದಾರಿಯಲ್ಲಿ ಎದೆಹಾಲು ಕೊಡುತ್ತಾ ಬರಲಿ.

ಇನ್ನೊಂದು, ಹುಷಾರಾಗಿ ನೆನಪು ಮಾಡಿಕೊಳ್ಳಿ. ನಿಮ್ಮ ತವರಿನ ಗಂಡಸರಲ್ಲಿ ಯಾರಿಗಾದರೂ ಹಿಂದೆ ಹೀಗೆ ಆಗಿತ್ತಾ?

ಚಿಗವ್ವ, ಚಿತ್ತಾಪುರ ಕಡೆ: ಗಾಡಿ ಬಂತು ಮೇಡಂ. ನಮ್ಮ ಅಣ್ಣನಿಗೆ ಚಿಕ್ಕವನಿದ್ದಾಗ ಮಲೇರಿಯಾ ಗುಳಿಗೆ ಕೊಟ್ಟಾಗ ಮೈ ಹಳದಿ ಆಗಿ ರಕ್ತ ಏರಿಸಿದ್ದರು.

ಡಾಕ್ಟರ್: ಇದನ್ನೂ ಅಲ್ಲಿ ಹೇಳಿ. ಇದು ತಾಯಿಯ ಕಡೆಯಿಂದ ಗಂಡು ಮಕ್ಕಳಿಗೆ ಬರುತ್ತೆ. ಸೋದರಮಾವನಿಗೆ ಮಲೇರಿಯಾದ ಪ್ರೈಮಾಕ್ವಿನ್, ಅಳಿಯನಿಗೆ ಮೆಹಂದಿ. ನನಗೆ ಅನುಮಾನ ಗಟ್ಟಿಯಾಯಿತು.

ಹುಮನಾಬಾದ್ ಅಣ್ಣ: ಕಾಮಾಲೆಗೆ ನಮ್ಮೂರ ಹತ್ತಿರ ಹೊಟ್ಟೆ ಮೇಲೆ ಸಣ್ಣದಾಗಿ ಬರೆ ಹಾಕುತ್ತಾರೆ, ಕೂಸುಗಳಿಗೆ ಬೇಗ ಗುಣ ಆಗುತ್ತೆ. ನಂಬರ್ ಬೇಕಾ?

ಡಾಕ್ಟರ್: ಅಡ್ಮಿನ್, ಇವರನ್ನ ತೆಗೆಯಿರಿ, ಇಲ್ಲದಿದ್ದರೆ ನಾನು ಹೋಗುತ್ತೇನೆ.

ಅಡ್ಮಿನ್: ತೆಗೆದಿದ್ದೇನೆ ಮೇಡಂ.

ಕನ್ನಡ ಪ್ರೇಮಿ: ಅಭಿಪ್ರಾಯ ಹೇಳಿದ್ದಕ್ಕೇ ತೆಗೆಯೋದು ಸರಿಯಲ್ಲ. ಡಾಕ್ಟರಿಗೂ ಸ್ವಲ್ಪ ತಾಳ್ಮೆ ಇರಬೇಕು.

ರೋಜಾ ಆಪಾ: ಕಾಸಿದ ಕಬ್ಬಿಣ ಅಭಿಪ್ರಾಯ ಅಲ್ಲ ಅಣ್ಣಾ.

ಪಿಯು ಹುಡುಗಿ: ಹೇರ್ ಡೈ ಪುಡಿ ಚೂರೇ ಚೂರು ಹಾಕಿದರೆ? ಗೆಳತಿ ಹಾಕಿದ್ದಾಳೆ, ಅವಳಿಗೆ ಏನೂ ಆಗಿಲ್ಲ.

ಡಾಕ್ಟರ್: ಶಹಾಪುರದ ಮಗುವಿಗೂ ಜಾತ್ರೆಯಲ್ಲಿ ಏನೂ ಆಗಿರಲಿಲ್ಲ.

ರೇಷನ್ ಕಾರ್ಡ್ ಅಕ್ಕ: ಥಂಬ್ ವಿಷಯ ಮೇಡಂ?

ಸೇಡಂ ಟೀಚರ್: ಮೇಡಂ, ಪರೀಕ್ಷೆಗೆ ಮೊದಲು ಮಕ್ಕಳ ಕೈಯಿಂದ ತೆಗೆಯೋಕೆ ಬ್ಲೀಚಿಂಗ್ ಪೌಡರ್ ಅಂತ ಬಂದಿದೆ.

ಡಾಕ್ಟರ್: ಟೀಚರ್, ನೀವೂನಾ? ಸಂಡಾಸ ತೊಳೆಯೋದು ಅದು. ಬಣ್ಣ ಸತ್ತ ಚರ್ಮದ ಜೊತೆ ಒಂದೆರಡು ವಾರದಲ್ಲಿ ಉದುರುತ್ತೆ. ನಾನು ಇವತ್ತಿಗೆ ನಿಲ್ಲಿಸುತ್ತೇನೆ. ಚಿತ್ತಾಪುರದವರು ಬರೆದರೆ ಮಾತ್ರ ಉತ್ತರ ಕೊಡುತ್ತೇನೆ.

ಅಡ್ಮಿನ್: 9 ಗಂಟೆ ಆಯಿತು. ಮೇಡಂ ಅವರಿಗೆ ಧನ್ಯವಾದ. ಕೆಲವರ ಮಾತಿಗೆ ನನ್ನ ಕಡೆಯಿಂದ ಕ್ಷಮೆ.

ಚಿಗವ್ವ, ಚಿತ್ತಾಪುರ ಕಡೆ (ಮರುದಿನ ಬೆಳಿಗ್ಗೆ): ಮೇಡಂ, ಸೇರಿಸಿಕೊಂಡರು. ರಕ್ತ (ಹಿಮೋಗ್ಲೋಬಿನ್) 5.8 ಇತ್ತಂತೆ. ರಾತ್ರಿ ರಕ್ತ ಏರಿಸಿದರು. ಈಗ ಕಣ್ಣು ಬಿಟ್ಟು ನೋಡುತ್ತಿದ್ದಾನೆ. ಆ ಜಿ6ಪಿಡಿ ಪರೀಕ್ಷೆಗೂ ರಕ್ತ ತೆಗೆದಿದ್ದಾರೆ.

ಡಾಕ್ಟರ್: ಒಳ್ಳೇದಾಯಿತು. ಈಗ ಪರೀಕ್ಷೆ ಸರಿ ಇದೆ ಅಂತ ಬಂದರೂ ನಂಬಿ ಕೂರಬೇಡಿ. ಹಳೆ ಕಣ ಒಡೆದು ಹೊಸ ಕಣ ಬಂದಾಗ ತಪ್ಪು ಲೆಕ್ಕ ಬರಬಹುದು, ರಕ್ತ ಬೇರೆ ಏರಿಸಿದ್ದಾರೆ. ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿ. ಅಲ್ಲಿವರೆಗೆ ಮೆಹಂದಿ ಬೇಡ, ಬಟ್ಟೆ ಕಪಾಟಿನ ಡಾಂಬರ್ ಗುಳಿಗೆ ಮನೆಯಿಂದಲೇ ಹೊರಗೆ ಹಾಕಿ. ಯಾವ ಗುಳಿಗೆ ಕೊಡುವ ಮೊದಲೂ ಈ ವಿಷಯ ಹೇಳಿ.

ಚಿಗವ್ವ, ಚಿತ್ತಾಪುರ ಕಡೆ: ಕೈ ಕಾಲಲ್ಲಿ ಕೆಂಪು ಇನ್ನೂ ಇದೆ ಮೇಡಂ. ನೋಡಿದಾಗೆಲ್ಲ ಅಕ್ಕ ಅಳುತ್ತಾಳೆ. ಉಜ್ಜಿ ತೆಗೀಲಾ?

ಡಾಕ್ಟರ್: ಉಜ್ಜಬೇಡಿ. ಒಳಗೆ ಹೋಗೋದು ಮೊನ್ನೆಯೇ ಹೋಗಿ ಆಗಿದೆ, ಈಗ ಇರೋದು ಬರೀ ಮೇಲಿನ ಕಲೆ. ಕಾಲುಚೀಲ ಹಾಕಿಬಿಡಿ, ಕಾಣಲ್ಲ. ಅಕ್ಕ ನಿನ್ನೆಯಿಂದ ಏನಾದರೂ ತಿಂದಿದ್ದಾಳಾ?