ಸಹಾಯ ಬೇಕು: ಏರ್‌ಬ್ರಶ್ ತುದಿಯಲ್ಲೇ ಬಣ್ಣ ಒಣಗುತ್ತಿದೆ

ಎಲ್ಲರಿಗೂ ನಮಸ್ಕಾರ. 1/35 ಅಳತೆಯ ಸೆಂಚೂರಿಯನ್ ಟ್ಯಾಂಕ್ ಮಾಡೆಲ್ ಮಾಡುತ್ತಿದ್ದೇನೆ. 1971ರ ಡಿಸೆಂಬರ್‌ನಲ್ಲಿ ಬಸಂತರ್ ನದಿಯ ಕದನದಲ್ಲಿ ನಮ್ಮ ಸೇನೆಯ ಪೂನಾ ಹಾರ್ಸ್ ರೆಜಿಮೆಂಟ್ ಬಳಸಿದ್ದು ಈ ಟ್ಯಾಂಕನ್ನೇ. ಜೋಡಣೆ ಮುಗಿದಿದೆ, ಬಣ್ಣದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ.

ನನ್ನ ಏರ್‌ಬ್ರಶ್‌ಗೆ (ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಉಪಕರಣ) 0.3 ಮಿ.ಮೀ. ನಾಜಲ್, ಗಾಳಿಯ ಒತ್ತಡ 25 ಪಿಎಸ್‌ಐ. ಅಕ್ರಿಲಿಕ್ ಬಣ್ಣವನ್ನು ಹಾಲಿನಷ್ಟು ತೆಳ್ಳಗೆ ಮಾಡಿಕೊಂಡರೂ ಎರಡೇ ನಿಮಿಷಕ್ಕೆ ಸೂಜಿಯ ತುದಿಯಲ್ಲಿ ಒಣಗಿ ಕೂರುತ್ತದೆ. ಆಮೇಲೆ ಪಿಚಕ್ ಅಂತ ಹನಿ ಉಗುಳುತ್ತದೆ. ಟರೆಟ್ ಮೇಲಂತೂ ರವೆ ಉದುರಿಸಿದ ಹಾಗೆ ತರಿತರಿ. ನಮ್ಮ ಬಳ್ಳಾರಿ ಸೆಕೆಯಲ್ಲಿ ಫ್ಯಾನ್ ಆರಿಸಿಯೂ ನೋಡಿದೆ, ನಾನು ಬೆವೆತಿದ್ದಷ್ಟೇ ಲಾಭ. ಬಣ್ಣಕ್ಕೆ ರಿಟಾರ್ಡರ್ (ಒಣಗುವುದನ್ನು ನಿಧಾನಿಸುವ ದ್ರವ) ಹಾಕಬೇಕಾ? ಹಾಕಿದರೆ ಎಷ್ಟು ಹನಿ? ಅಥವಾ ಒತ್ತಡ ಇಳಿಸಿದರೆ ಸಾಕಾ?

ಹಿಂದಿನ ಟ್ಯಾಂಕಿಗೆ ಮ್ಯಾಟ್ ಬಣ್ಣದ ಮೇಲೇ ಎನಾಮಲ್ ವಾಶ್ (ಸಂದುಗಳಲ್ಲಿ ನಿಂತು ನೆರಳಿನಂತೆ ಕಾಣುವ ತೀರಾ ತೆಳು ಬಣ್ಣ) ಬಳಿದು ಕೆಡಿಸಿದ್ದೆ. ಸಂದುಗಳಿಗೆ ಹರಿಯುವ ಬದಲು ಎಲ್ಲ ಕಡೆ ಕಲೆಯಾಯಿತು. ಈ ಸಲ ಮೊದಲು ಹೊಳಪಿನ (ಗ್ಲಾಸಿ) ವಾರ್ನಿಷ್ ಹೊಡೆಯುತ್ತೇನೆ. ಅದನ್ನು ಎಷ್ಟು ಹೊತ್ತು ಒಣಗಲು ಬಿಡುತ್ತೀರಿ?

ಕೊನೆಯದಾಗಿ, ಚೈನಿಗೆ ನದಿ ದಾಟಿದ ಕೆಸರು ಬೇಕು, ಹಸಿಯೂ ಒಣಗಿದ್ದೂ. ಪಿಗ್ಮೆಂಟ್ ಪುಡಿಯನ್ನು ಯಾವುದರಲ್ಲಿ ಕಲಸುತ್ತೀರಿ? ಸುಮ್ನೆ ಅಂಗಳದ ಕೆಂಪು ಮಣ್ಣು ಬಳಿದರೆ ಅದು ಪಂಜಾಬಿನ ಕಡೆಯ ಮಣ್ಣಿನ ಹಾಗೆ ಕಾಣಲ್ಲ, ಅಲ್ವಾ? ನಿಮ್ಮ ಟ್ಯಾಂಕಿನ ಫೋಟೋ ಇದ್ದರೆ ಹಾಕಿ.